ಯಾವುದು ಮೈಲಿಗೆ?

ಮಡಿ, ಮೈಲಿಗೆ ಎಂಬ ಎರಡು ಮಾತುಗಳನ್ನು ಕೇಳದೆ ಬೆಳೆದವರು ನಮ್ಮಲ್ಲಿ ಯಾರಿದ್ದಾರೆ? ನಾನು ಹುಲಿಯೂರುದುರ್ಗದವನು. ಕೆಂಪೇಗೌಡರ ಕೋಟೆಯಿರುವ ಬೆಟ್ಟ ನಮ್ಮ ಹಿತ್ತಿಲಿನಿಂದ ಕಾಣುತ್ತದೆ. ಆ ಹಿತ್ತಿಲಿನಲ್ಲಿಯೇ ನಮ್ಮ ದನದ ಕೊಟ್ಟಿಗೆ. ತಿಂಗಳಿಗೊಮ್ಮೆ ಮೂರು ದಿನ ನನ್ನ ಅಕ್ಕ ಆ ಕೊಟ್ಟಿಗೆಯ ಪಕ್ಕದ ಜಗುಲಿಯಲ್ಲಿ ಚಾಪೆ ಹಾಸಿಕೊಂಡು ಕೂಡುತ್ತಿದ್ದಳು. ಅವಳಿಗೆ ಊಟ ಕೊಡುವ ಕೆಲಸ ನನ್ನದು. ತಟ್ಟೆಯನ್ನು ನೆಲದ ಮೇಲಿಟ್ಟು, ಕೋಲಿನಿಂದ ಮುಂದಕ್ಕೆ ನೂಕಿ ಓಡಿ ಬರುತ್ತಿದ್ದೆ. ಆಗ ಅದೊಂದು ಆಟವೆನಿಸುತ್ತಿತ್ತು. ಅಕ್ಕ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಓದಿದ್ದರಲ್ಲಿ ಎಷ್ಟೋ ಭಾಗವನ್ನು ಆ ಜಗುಲಿಯಲ್ಲಿಯೇ, ಸೊಳ್ಳೆಗಳ ನಡುವೆ ಓದಿದಳು. ನಾನು ಮಾತ್ರ ನಡುಮನೆಯಲ್ಲಿ ದೀಪದ ಕೆಳಗೆ ಕುಳಿತು ಓದಿದೆ. ಹೀಗೇಕೆ ಎಂದು ನಾನು ಒಮ್ಮೆಯೂ ಕೇಳಲಿಲ್ಲ. ಈ ಲೇಖನವನ್ನು ಬರೆಯುವುದಕ್ಕೆ ನನಗಿರುವ ಅರ್ಹತೆ ಇದೊಂದೇ; ಆ ಕೋಲನ್ನು ಹಿಡಿದವನು ನಾನೇ.

ನನ್ನನ್ನು ಈ ವಿಚಾರಕ್ಕೆ ಎಳೆದದ್ದು ಎರಡು ಸಂಗತಿಗಳು. ಮೊದಲನೆಯದು, 2023ರ ಜುಲೈ ತಿಂಗಳಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ನಡೆದ ದುರಂತ. ಹೆರಿಗೆಯಾದ ತಾಯಿಯನ್ನು ಹಸುಗೂಸಿನೊಡನೆ ಊರ ಹೊರಗಿನ ಗುಡಿಸಲಿನಲ್ಲಿ ಇರಿಸಿದ್ದರು. ಮಳೆಗಾಲದ ಶೀತದಲ್ಲಿ ಕೂಸು ಕಾಯಿಲೆ ಬಿದ್ದು ತೀರಿಕೊಂಡಿತು. ಎರಡನೆಯದು, ನಮ್ಮ ಕಾಲೇಜಿನ ಪುಸ್ತಕ ಭಂಡಾರದಲ್ಲಿ ನನ್ನ ಕೈಗೆ ಸಿಕ್ಕಿದ, ಪ್ರಾಚೀನ ಯೆಹೂದ್ಯರ ಗ್ರಂಥಗಳನ್ನು ಕುರಿತ ಒಂದು ಪುಸ್ತಕ. ಯೆಹೂದ್ಯರೆಲ್ಲಿ, ಗೊಲ್ಲರಹಟ್ಟಿಯೆಲ್ಲಿ ಎಂದು ಮಿತ್ರರು ನಗಬಹುದು. ಆ ಪುಟಗಳನ್ನು ಓದುವವರೆಗೆ ನಾನೂ ಹಾಗೆಯೇ ಎಣಿಸಿದ್ದೆ.

ಆ ಗ್ರಂಥಗಳಲ್ಲಿ ಹಲವು ದೊರೆತ ಕಥೆಯೇ ಸ್ವಾರಸ್ಯವಾಗಿದೆ. 1947ರಲ್ಲಿ ಮೃತ ಸಮುದ್ರದ ದಂಡೆಯ ಕುಮ್ರಾನ್ ಎಂಬಲ್ಲಿ ಆಡು ಕಾಯುವ ಬೆದೂಯಿನ್ ಹುಡುಗರಿಗೆ ಗವಿಯೊಂದರೊಳಗೆ ಮಣ್ಣಿನ ಗುಡಾಣಗಳಲ್ಲಿ ತೊಗಲಿನ ಸುರುಳಿಗಳು ಸಿಕ್ಕಿದುವು. 1956ರ ಹೊತ್ತಿಗೆ ಹನ್ನೊಂದು ಗವಿಗಳು ಪತ್ತೆಯಾದುವು. ಸುರುಳಿಗಳು ಸುಮಾರು ಎರಡು ಸಾವಿರ ವರ್ಷ ಹಳೆಯವು. ಆ ಜನರು ಈ ಲೋಕವು ಇನ್ನೇನು ಮುಗಿಯುತ್ತದೆ, ಬೆಳಕಿನ ಮಕ್ಕಳಿಗೂ ಕತ್ತಲೆಯ ಮಕ್ಕಳಿಗೂ ಕಡೆಯ ಯುದ್ಧ ನಡೆಯುತ್ತದೆ, ಅನಂತರ ಭೂಮಿ ಶುದ್ಧವಾಗುತ್ತದೆ ಎಂದು ನಂಬಿದ್ದರು. ಇಂತಹ ಯುಗಾಂತದ ದರ್ಶನಗಳನ್ನು ಹೇಳುವ ಗ್ರಂಥಗಳು ಆ ಕಾಲದಲ್ಲಿ ಹಲವು ಹುಟ್ಟಿದುವು. ದಾನಿಯೇಲನ ಗ್ರಂಥ, ಹನೋಕನ ಗ್ರಂಥ ಇವುಗಳಲ್ಲಿ ಮುಖ್ಯವಾದುವು.

ಇವರಿಗೆ ಶುದ್ಧಿಯ ಚಿಂತೆ ಇಷ್ಟೇಕೆ ಹತ್ತಿತು ಎಂಬುದಕ್ಕೆ ಚರಿತ್ರೆಯಲ್ಲಿ ಕಾರಣವುಂಟು. ಕ್ರಿ.ಪೂ. 167ರಲ್ಲಿ ನಾಲ್ಕನೆಯ ಆಂಟಿಯೋಕಸ್ ಎಂಬ ಗ್ರೀಕ್ ಮೂಲದ ಅರಸನು ಯೆರೂಸಲೇಮಿನ ದೇವಾಲಯದಲ್ಲಿ ಪರದೇವತೆಯ ಪೂಜೆಯನ್ನು ನಡೆಸಿ ಅದನ್ನು ಕೆಡಿಸಿದನು. ಮೂರು ವರ್ಷಗಳ ಹೋರಾಟದ ತರುವಾಯ ದೇವಾಲಯವನ್ನು ಮತ್ತೆ ಶುದ್ಧಿಗೊಳಿಸಿದರು. ಆದರೂ ಕೆಲವರ ಮನಸ್ಸಿಗೆ ಸಮಾಧಾನವಾಗಲಿಲ್ಲ. ದೇವಾಲಯವೇ ಮೈಲಿಗೆಯಾದ ಮೇಲೆ ದೇವರು ಎಲ್ಲಿ ನಿಂತಾನು? ತಮ್ಮ ಗುಂಪೇ ದೇವಾಲಯವೆಂದು ಕುಮ್ರಾನಿನವರು ಭಾವಿಸಿದರು. ಮೆಟ್ಟಿಲುಗಳುಳ್ಳ ಸ್ನಾನದ ಕೊಳಗಳನ್ನು ಕಟ್ಟಿಕೊಂಡರು. ಅವುಗಳ ಅವಶೇಷಗಳನ್ನು ಇಂದೂ ಅಲ್ಲಿ ಕಾಣಬಹುದು, ನಮ್ಮ ಕಲ್ಯಾಣಿಗಳ ಹಾಗೆ. ಭಯವು ಹೆಚ್ಚಿದಷ್ಟೂ ಬೇಲಿ ಎತ್ತರವಾಯಿತು.

ಈ ಎತ್ತರವನ್ನು ಅಳೆದು ನೋಡುವುದು ಸಾಧ್ಯವಿದೆ. ಯೆಹೂದ್ಯರ ಹಳೆಯ ಧರ್ಮಶಾಸ್ತ್ರವಾದ ಯಾಜಕಕಾಂಡದಲ್ಲಿ ಮುಟ್ಟಾದವಳಿಗೆ ಏಳು ದಿನದ ಮೈಲಿಗೆ. ಗಂಡು ಹೆತ್ತವಳಿಗೆ ಒಟ್ಟು 40 ದಿನ, ಹೆಣ್ಣು ಹೆತ್ತವಳಿಗೆ 80 ದಿನ ದೇವಾಲಯಕ್ಕೆ ಪ್ರವೇಶವಿಲ್ಲ. ಆದರೆ ಅವಳನ್ನು ಮನೆಯಿಂದ ಹೊರಗೆ ಹಾಕಬೇಕೆಂದು ಆ ಗ್ರಂಥ ಹೇಳುವುದಿಲ್ಲ. ಅದು ಪಾಪವೆಂದೂ ಹೇಳುವುದಿಲ್ಲ. ಕೆಲವು ಶತಮಾನಗಳ ಅನಂತರ ಬಂದ ಜ್ಯೂಬಿಲಿಗಳ ಗ್ರಂಥವು ಇದೇ ನಿಯಮಕ್ಕೆ ಸ್ವರ್ಗದ ಮುದ್ರೆಯನ್ನೊತ್ತಿತು: ಆದಾಮನು 40 ದಿನಗಳ ಮೇಲೆಯೂ ಹವ್ವಳು 80 ದಿನಗಳ ಮೇಲೆಯೂ ಏದೆನ್ ತೋಟವನ್ನು ಹೊಕ್ಕರೆಂದೂ, ಆದ್ದರಿಂದ ಈ ಲೆಕ್ಕವು ಸ್ವರ್ಗದ ಹಲಗೆಗಳ ಮೇಲೆಯೇ ಕೆತ್ತಲ್ಪಟ್ಟಿದೆಯೆಂದೂ ಹೇಳಿತು. ಕುಮ್ರಾನಿನ ‘ದೇವಾಲಯದ ಸುರುಳಿ’ ಇನ್ನೂ ಮುಂದಕ್ಕೆ ಹೋಯಿತು. ಪ್ರತಿಯೊಂದು ಪಟ್ಟಣದಲ್ಲಿಯೂ ಕುಷ್ಠರೋಗಿಗಳಿಗೆ, ಮುಟ್ಟಾದ ಹೆಂಗಸರಿಗೆ, ಹೆರಿಗೆಯಾದವರಿಗೆ ಬೇರೆ ಸ್ಥಳಗಳನ್ನು ಗೊತ್ತುಮಾಡಬೇಕೆಂದು ಅದು ವಿಧಿಸಿತು.

ಇಲ್ಲಿಗೆ ಬಂದಾಗ ನಾನು ಪುಸ್ತಕವನ್ನು ಮುಚ್ಚಿಟ್ಟೆ. ಊರಿಗೆ ಬೇರೆಯಾದ ಒಂದು ಜಾಗ. ಅಲ್ಲಿ ಮುಟ್ಟಾದವಳು, ಹಡೆದವಳು! ಇದು ಯೆರೂಸಲೇಮಿನ ಮಾತೋ, ನಮ್ಮ ಜಿಲ್ಲೆಯ ಮಾತೋ?

ಕಾಡುಗೊಲ್ಲರ ಹಟ್ಟಿಗಳು ತುಮಕೂರು, ಚಿತ್ರದುರ್ಗ ಜಿಲ್ಲೆಗಳಲ್ಲಿ ಬಹಳ ಇವೆ. ಕುರಿ, ಆಡು, ದನಗಳನ್ನು ನಂಬಿ ಬದುಕಿದ ಜನ. ಜುಂಜಪ್ಪ, ಎತ್ತಪ್ಪ ಮುಂತಾದ ಅವರ ವೀರರು ದೈವಗಳಾಗಿ ಪೂಜೆಗೊಳ್ಳುತ್ತಾರೆ. ಜುಂಜಪ್ಪನ ಕಾವ್ಯವನ್ನು ಹಾಡುವವರ ನೆನಪಿನ ಶಕ್ತಿಗೆ ಯಾವ ವಿದ್ವಾಂಸನಾದರೂ ತಲೆಬಾಗಬೇಕು. ಹಟ್ಟಿಗೆ ಸುತ್ತಲೂ ಮುಳ್ಳಿನ ಬೇಲಿ ಹಾಕುವುದು ಅವರ ಹಳೆಯ ಪದ್ಧತಿ. ದೇವರು ಬೇಲಿಯೊಳಗಿದ್ದಾನೆ; ಆದ್ದರಿಂದ ಮೈಲಿಗೆಯು ಬೇಲಿಯ ಹೊರಗಿರಬೇಕು ಎಂಬುದು ಅವರ ತರ್ಕ. ಕುಮ್ರಾನಿನ ‘ಯುದ್ಧದ ಸುರುಳಿ’ಯದೂ ಇದೇ ತರ್ಕ: ಪವಿತ್ರರಾದ ದೇವದೂತರು ಸೈನ್ಯದ ಜೊತೆಗಿರುವುದರಿಂದ ಕುಂಟನೂ ಕುರುಡನೂ ಮೈಲಿಗೆಯುಳ್ಳವನೂ ಪಾಳೆಯಕ್ಕೆ ಸೇರಬಾರದು. ದೇವರು ಹತ್ತಿರ ಬಂದಷ್ಟೂ ಮನುಷ್ಯನು ದೂರ ಹೋಗಬೇಕಾಯಿತು. ಅದರಲ್ಲಿಯೂ ನಿಶ್ಶಕ್ತನೇ ಮೊದಲು ಹೋಗಬೇಕಾಯಿತು.

ಕಾಡುಗೊಲ್ಲರನ್ನು ಬೆರಳು ಮಾಡಿ ತೋರಿಸಿ, ನಾವು ಶುದ್ಧರೆಂದು ಎದೆಯುಬ್ಬಿಸುವುದಕ್ಕಾಗಿ ನಾನು ಇದನ್ನು ಬರೆಯುತ್ತಿಲ್ಲ. ಅವರ ಗುಡಿಸಲು ಊರ ಹೊರಗಿದೆ, ನಮ್ಮ ಜಗುಲಿ ಹಿತ್ತಿಲಿನಲ್ಲಿದೆ; ವ್ಯತ್ಯಾಸವು ಕೆಲವು ಮಾರುಗಳದು ಮಾತ್ರ. ಪುರುಡು, ಸೂತಕ, ಮುಟ್ಟು, ಎಂಜಲು, ಜಾತಿ, ಈ ಐದು ಮೈಲಿಗೆಗಳೂ ನಮ್ಮ ಮನೆಗಳಲ್ಲಿ ಜೀವಂತವಾಗಿವೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರು ಈ ಐದು ಸೂತಕಗಳನ್ನೂ ಅಲ್ಲಗಳೆದರು. ಆ ಪರಂಪರೆಯ ತೋಂಟದ ಸಿದ್ಧಲಿಂಗರ ಗದ್ದುಗೆ ನಮ್ಮ ಕುಣಿಗಲ್ ತಾಲ್ಲೂಕಿನ ಎಡೆಯೂರಿನಲ್ಲಿಯೇ ಇದೆ. ನಾವು ಜಾತ್ರೆಗೆ ಹೋಗುತ್ತೇವೆ, ತೇರಿಗೆ ಬಾಳೆಹಣ್ಣು ಎಸೆಯುತ್ತೇವೆ, ಮನೆಗೆ ಬಂದು ಅಕ್ಕನಿಗೆ ತಟ್ಟೆ ನೂಕುತ್ತೇವೆ.

ಆದರೆ ಆ ಯೆಹೂದ್ಯ ಗ್ರಂಥಗಳು ನನಗೆ ಕಲಿಸಿದ್ದು ಇಷ್ಟೇ ಅಲ್ಲ. ಅವುಗಳಲ್ಲಿ ಮೈಲಿಗೆಗೆ ಎರಡು ಅಳತೆಗಳಿವೆ. ಒಂದು ಮೈಯ ಅಳತೆ. ಅದು ಕಾಲ ಕಳೆದರೆ, ನೀರು ಬಿದ್ದರೆ ಹೋಗುತ್ತದೆ. ಇನ್ನೊಂದು ನಡತೆಯ ಅಳತೆ. ಅದು ನೀರಿಗೆ ಜಗ್ಗುವುದಿಲ್ಲ. ಹನೋಕನ ಗ್ರಂಥದಲ್ಲಿ ಒಂದು ಕಥೆಯಿದೆ. ಇನ್ನೂರು ಮಂದಿ ದೇವದೂತರು ಹೆರ್ಮೋನ್ ಬೆಟ್ಟದ ಮೇಲೆ ಇಳಿದು ಮನುಷ್ಯ ಸ್ತ್ರೀಯರನ್ನು ಕೂಡುತ್ತಾರೆ. ಅವರಿಗೆ ಹುಟ್ಟಿದ ರಾಕ್ಷಸರು ಜನರ ದುಡಿಮೆಯನ್ನೆಲ್ಲ ತಿಂದು ಮುಗಿಸಿ, ಕೊನೆಗೆ ಜನರನ್ನೇ ತಿನ್ನತೊಡಗುತ್ತಾರೆ. ನೆಲವು ರಕ್ತದಿಂದ ತುಂಬಿ, ಭೂಮಿಯೇ ದೂರು ಹೇಳುತ್ತದೆ. ಆಗ ದೇವರು ಮಿಕಾಯೇಲನಿಗೆ ಭೂಮಿಯನ್ನು ತೊಳೆಯುವಂತೆ ಅಪ್ಪಣೆಮಾಡುತ್ತಾನೆ. ತೊಳೆಯಬೇಕಾದ ಕೊಳೆಗಳ ಸಾಲಿನಲ್ಲಿ ದಬ್ಬಾಳಿಕೆ ಮತ್ತು ಅನ್ಯಾಯಗಳೂ ಸೇರಿವೆ. ಅಂದರೆ, ದುಡಿದವನ ಅನ್ನವನ್ನು ಕಿತ್ತು ತಿನ್ನುವುದೂ ಮೈಲಿಗೆಯೇ. ನಿರಪರಾಧಿಯ ರಕ್ತವೂ ಮೈಲಿಗೆಯೇ. ಅಷ್ಟು ಕೊಳಗಳನ್ನು ಕಟ್ಟಿಸಿದ ಕುಮ್ರಾನಿನವರು ಸಹ, ಕೆಟ್ಟ ನಡತೆಯನ್ನು ಬಿಡದವನು ನದಿಯಲ್ಲಿ ಮಿಂದರೂ ಸಮುದ್ರದಲ್ಲಿ ಮಿಂದರೂ ಶುದ್ಧನಾಗನೆಂದು ತಮ್ಮ ಕಟ್ಟಳೆಯಲ್ಲಿ ಬರೆದುಕೊಂಡರು.

ಆ ಜನರು ಈ ಎರಡು ಅಳತೆಗಳನ್ನೂ ಒಂದೇ ಕೈಯಲ್ಲಿ ಹಿಡಿದಿದ್ದರು. ಹೆಣ್ಣಿನ ರಕ್ತಕ್ಕೂ ಅವರು ಹೆದರಿದರು, ಅನ್ಯಾಯದ ರಕ್ತಕ್ಕೂ ಹೆದರಿದರು. ಮೊದಲನೆಯದರಲ್ಲಿ ಅವರು ತಪ್ಪಿದರೆಂದೇ ನನ್ನ ಅಭಿಪ್ರಾಯ. ಎರಡನೆಯದರಲ್ಲಿ ಅವರು ನಮಗಿಂತ ಎಷ್ಟೋ ಮುಂದಿದ್ದರು. ನಾವಾದರೋ ಮೊದಲನೆಯದನ್ನು ಭದ್ರವಾಗಿ ಕಟ್ಟಿಟ್ಟುಕೊಂಡು ಎರಡನೆಯದನ್ನು ಮರೆತಿದ್ದೇವೆ. ತಾಯಿಯನ್ನು ಮುಟ್ಟಿದರೆ ತಲೆಗೆ ನೀರು ಹಾಕಿಕೊಳ್ಳುತ್ತೇವೆ. ಕೂಸು ಸತ್ತುದಕ್ಕೆ ಯಾರು ಯಾವ ಕೆರೆಯಲ್ಲಿ ಮುಳುಗಿ ಎದ್ದರು? ಆ ಗುಡಿಸಲಿನಲ್ಲಿ ನಿಜವಾದ ಮೈಲಿಗೆ ಯಾವುದಿತ್ತು? ಹಡೆದ ತಾಯಿಯ ಮೈಯಲ್ಲೇ, ಅಥವಾ ಅವಳನ್ನು ಮಳೆಯಲ್ಲಿ ಇರಗೊಟ್ಟ ಮನಸ್ಸುಗಳಲ್ಲೇ?

ಇದಕ್ಕೆ ಬರುವ ಆಕ್ಷೇಪಣೆಗಳನ್ನೂ ನೋಡಬೇಕು. ಹಿರಿಯರು ಹೇಳುವ ಮೊದಲ ಮಾತು, ಇದು ಹೆಂಗಸರಿಗೆ ವಿಶ್ರಾಂತಿ ಕೊಡುವುದಕ್ಕಾಗಿ ಮಾಡಿದ ಏರ್ಪಾಡು ಎಂಬುದು. ಗದ್ದೆ, ಹೊಲ, ಒಲೆಗಳ ನಡುವೆ ಬೇಯುವ ಹೆಣ್ಣಿಗೆ ಮೂರು ದಿನ ಬಿಡುವು ಸಿಕ್ಕಿದರೆ ಒಳ್ಳೆಯದೆಂಬುದನ್ನು ನಾನು ಒಪ್ಪುತ್ತೇನೆ. ಆದರೆ ವಿಶ್ರಾಂತಿಯನ್ನು ಕೊಡುವವರು ಮೆತ್ತನೆಯ ಹಾಸಿಗೆಯನ್ನು ಕೊಡುತ್ತಾರೆ, ಬಿಸಿ ನೀರನ್ನು ಕೊಡುತ್ತಾರೆ, ಹತ್ತಿರ ಕುಳಿತು ಮಾತನಾಡುತ್ತಾರೆ. ತಟ್ಟೆಯನ್ನು ಕೋಲಿನಿಂದ ನೂಕುವುದಿಲ್ಲ. ಬೇಡವೆಂದರೂ ಬಿಡದೆ ಕೊಡುವ ವಿಶ್ರಾಂತಿಗೆ ಸೆರೆಯೆಂದು ಹೆಸರು.

ಎರಡನೆಯ ಮಾತು, ಕಾನೂನು ಇದೆಯಲ್ಲ, ಸರ್ಕಾರ ನೋಡಿಕೊಳ್ಳುತ್ತದೆ ಎಂಬುದು. ಕಾನೂನು ಇರುವುದು ನಿಜ. ಅಮಾನವೀಯ ದುಷ್ಟ ಪದ್ಧತಿಗಳನ್ನು ತಡೆಯಲು ಕರ್ನಾಟಕದಲ್ಲಿ 2017ರಲ್ಲಿ ಆದ ಅಧಿನಿಯಮವು ಮುಟ್ಟಾದ ಹಾಗೂ ಗರ್ಭಿಣಿ ಸ್ತ್ರೀಯರನ್ನು ಬಲವಂತವಾಗಿ ಬೇರೆಯಿಡುವುದನ್ನು ಅಪರಾಧವೆಂದು ಗಣಿಸಿದೆ. 2023ರಲ್ಲಿ ಆ ಕೂಸು ಸತ್ತ ಮೇಲೆ, ಗುಬ್ಬಿ ತಾಲ್ಲೂಕಿನ ಒಂದು ಗೊಲ್ಲರಹಟ್ಟಿಗೆ ನ್ಯಾಯಾಧೀಶರೊಬ್ಬರು ತಾವೇ ಹೋಗಿ, ಹೊರಗಿದ್ದ ಬಾಣಂತಿಯನ್ನೂ ಮಗುವನ್ನೂ ಮನೆಯೊಳಕ್ಕೆ ಕಳುಹಿಸಿದರು. ಇದು ಮೆಚ್ಚತಕ್ಕ ಕೆಲಸ. ಆದರೆ ಪ್ರತಿ ತಿಂಗಳೂ ಪ್ರತಿ ಹಟ್ಟಿಗೂ ನ್ಯಾಯಾಧೀಶರು ಬರುವುದಕ್ಕಾಗುತ್ತದೆಯೇ? ಕೆಲವು ಹಟ್ಟಿಗಳ ಬಳಿ ಹೊರಗಿರುವ ಹೆಂಗಸರಿಗಾಗಿ ‘ಕೃಷ್ಣ ಕುಟೀರ’ಗಳೆಂಬ ಕಟ್ಟಡಗಳನ್ನು ಸರ್ಕಾರದವರು ಕಟ್ಟಿಸಿದ್ದಾರೆ. ಸೋರುವ ಗುಡಿಸಲಿಗಿಂತ ಗಟ್ಟಿ ಸೂರು ಮೇಲು, ಸಂದೇಹವಿಲ್ಲ. ಒಂದು ಜೀವ ಉಳಿದರೂ ಅದು ಸಾರ್ಥಕ. ಆದರೂ ನನಗೆ ಒಂದು ಅಳುಕು. ಗುಡಿಸಲಿನ ಜಾಗದಲ್ಲಿ ಕಾಂಕ್ರೀಟು ಬಂದರೆ ಹೊರಗೆ ಇರಿಸುವ ಪದ್ಧತಿಗೂ ಅಡಿಪಾಯ ಬಿದ್ದಂತಾಗುವುದಿಲ್ಲವೆ? ಕುಟೀರವು ಸೇತುವೆಯಾಗಬೇಕು, ಕೋಟೆಯಾಗಬಾರದು.

ಮೂರನೆಯ ಮಾತೇ ಎಲ್ಲಕ್ಕಿಂತ ಗಟ್ಟಿಯಾದುದು. ಅದನ್ನು ನನ್ನ ಅಜ್ಜಿ ಹೇಳಿದಳು. ಈ ವಿಚಾರವನ್ನೆಲ್ಲ ಅವಳ ಮುಂದೆ ನಾನು ಉತ್ಸಾಹದಿಂದ ಹರವಿದಾಗ ಅವಳು, “ಮನೇಲಿ ದೇವರಿದ್ದಾನೆ ಕಣಪ್ಪ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಅನುಭವಿಸೋರು ಯಾರು?” ಎಂದಳು. ಇದು ಕ್ರೌರ್ಯದ ಮಾತಲ್ಲ, ಭಯದ ಮಾತು. ಮಗಳು, ಸೊಸೆ, ಮೊಮ್ಮಗಳು ಇವರ ಮೇಲಿನ ಪ್ರೀತಿಯಿಂದಲೇ ಅವಳು ಅವರನ್ನು ಹೊರಗೆ ಕೂರಿಸಿದ್ದಾಳೆ. ತಾನೂ ಐವತ್ತು ವರ್ಷದ ಕೆಳಗೆ ಅದೇ ಜಗುಲಿಯಲ್ಲಿ ಕುಳಿತಿದ್ದಾಳೆ. ಹಟ್ಟಿಯ ಮುದುಕಿಯರೂ ಹೀಗೆಯೇ ಇರಬೇಕು. ಭಯವನ್ನು ಬೈದು ಓಡಿಸುವುದು ಸಾಧ್ಯವಿಲ್ಲ. ಹೆದರಿದವರ ಕಣ್ಣೆದುರಿಗೆ ಮುಟ್ಟಿ ತೋರಿಸಬೇಕು, ಏನೂ ಕೆಡಲಿಲ್ಲವೆಂಬುದನ್ನು ಅವರೇ ಕಾಣಬೇಕು. ಅದಕ್ಕೆ ಹೊರಗಿನಿಂದ ಬಂದವರ ಭಾಷಣಕ್ಕಿಂತ ಆಯಾ ಮನೆಯ, ಆಯಾ ಹಟ್ಟಿಯ ಓದಿದ ಹುಡುಗ ಹುಡುಗಿಯರ ನಡತೆ ಹೆಚ್ಚು ಫಲಕಾರಿ. ನಮ್ಮ ಕಾಲೇಜಿನಲ್ಲಿ ಅಂತಹವರು ಕಡಮೆಯಿಲ್ಲ. ಎನ್.ಎಸ್.ಎಸ್. ಶಿಬಿರಗಳಲ್ಲಿ ನಾವು ಚರಂಡಿ ತೆಗೆಯುತ್ತೇವೆ, ಗಿಡ ನೆಡುತ್ತೇವೆ. ಒಮ್ಮೆ ಹಟ್ಟಿಯ ಹೊರಗಿನ ಗುಡಿಸಲಿನ ಮುಂದೆ ಕುಳಿತು, ಅಲ್ಲಿರುವ ತಾಯಿಯ ಕೈಯಿಂದಲೇ ಒಂದು ಲೋಟ ನೀರನ್ನು ಕೇಳಿ ಕುಡಿದು ಬರಬಾರದೇಕೆ?

ನನ್ನ ಮಟ್ಟಿಗೆ ನಾನು ಮನೆಯಿಂದಲೇ ಆರಂಭಿಸಿದ್ದೇನೆ. ಕಳೆದ ಗೌರಿಹಬ್ಬಕ್ಕೆ ಅಕ್ಕ ತವರಿಗೆ ಬಂದಿದ್ದಳು. ಹಬ್ಬದ ಮಾರನೆಯ ದಿನ ಅವಳು ಎಂದಿನಂತೆ ಚಾಪೆಯನ್ನೆತ್ತಿಕೊಂಡು ಹಿತ್ತಿಲಿಗೆ ಹೊರಟಳು. ನಾನು ಆ ಚಾಪೆಯನ್ನು ತೆಗೆದುಕೊಂಡು ಬಂದು ನಡುಮನೆಯಲ್ಲಿ ಹಾಸಿದೆ. ತಟ್ಟೆಯನ್ನು ಅವಳ ಕೈಗೇ ಕೊಟ್ಟು ಎದುರಿಗೆ ಕುಳಿತು ಉಂಡೆ. ಅಕ್ಕ ತಲೆಯೆತ್ತಿ ನೋಡಲಿಲ್ಲ. ಅಜ್ಜಿ ಆ ದಿನವೆಲ್ಲ ಮಾತನಾಡಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಅವಳು ದೇವರ ಮುಂದೆ ದೀಪ ಹಚ್ಚಿ, ಬಹಳ ಹೊತ್ತು ಕೈಮುಗಿದು ನಿಂತಿದ್ದಳು. ದೀಪವು ಎಂದಿನಂತೆಯೇ ಉರಿಯಿತು. ಆಮೇಲೆ ಅಡಿಗೆಮನೆಯಿಂದ ಅವಳ ದನಿ ಕೇಳಿಸಿತು: “ಅವಳಿಗೆ ಕಾಫಿ ಕೊಟ್ಟಿದ್ದೀಯೇನೋ?”