ಮನವಿಪತ್ರಕ್ಕೆ ಕಾಲಿಲ್ಲ

ಪಾದಯಾತ್ರೆ ಎಂದರೆ ನಮ್ಮ ಕಡೆ ಎರಡೇ ಬಗೆ: ಒಂದು ದೇವರದ್ದು, ಇನ್ನೊಂದು ಪಕ್ಷದ್ದು. ಹಾಗಾಗಿ ಕಳೆದ ಡಿಸೆಂಬರಿನಲ್ಲಿ ನಾನೂ ನನ್ನವಳೂ ಇಬ್ಬರು ಮಕ್ಕಳೊಂದಿಗೆ ಬೆನ್ನಿಗೆ ಚೀಲ ಹಾಕಿಕೊಂಡು, ಮಂಜೇಶ್ವರದಿಂದ ಬೇಕಲದವರೆಗೆ ಕಡಲ ಕರೆಯಲ್ಲೇ ನಡೆಯಲು ಹೊರಟಾಗ, ಯಾವ ಹರಕೆ ಎಂದು ಬಂಧುಗಳು ಕೇಳಿದರು. ಹರಕೆಯಲ್ಲ ಎಂದಾಗ, ಕಾರು ಕೆಟ್ಟಿದೆಯೇ ಎಂದರು.

ನಾಲ್ಕು ಹಗಲು, ಮೂರು ರಾತ್ರಿ. ತಂಗಿದ್ದು ನಂಟರ ಮನೆಗಳಲ್ಲಿ. ಗೋವಿಂದ ಪೈಗಳ ಊರಿನಿಂದ ಹೊರಟೆವು ಎಂಬ ಹೆಮ್ಮೆ ಮೊದಲ ದಿನವೆಲ್ಲ ಇತ್ತು. ಉಪ್ಪಳದ ಮೂಸೋಡಿ ಕಡೆ ಬರುವಾಗ ಮರಳು ಮುಗಿದು ಕರಿಕಲ್ಲಿನ ತಡೆಗೋಡೆ ಸಿಕ್ಕಿತು. ಕಡಲು ಕೊರೆದ ಕರೆಯಲ್ಲಿ ಕಲ್ಲಿನ ಮೇಲೆ ನಡೆಯಲಾಗದೆ ರಸ್ತೆಗೆ ಹತ್ತಿದೆವು.

ನನ್ನ ಹೆಮ್ಮೆ ಮುರಿದದ್ದು ಎರಡನೆಯ ದಿನ. ಅಳಿವೆಯ ಬಳಿ ಮಗ ಕೇಳಿದ: "ಅಪ್ಪಾ, ಇದು ಯಾವ ಹೊಳೆ?" ನನಗೆ ಗೊತ್ತಿರಲಿಲ್ಲ. ಬಲೆ ಬಿಡಿಸುತ್ತಿದ್ದ ಮಲಯಾಳಿ ಮುದುಕರೊಬ್ಬರು ತಲೆಯೆತ್ತದೆ, "ಇದ್ ಶಿರಿಯ ಪುಳ" ಎಂದರು. ಆಮೇಲೆ ನಮ್ಮ ಮಾತು ಕೇಳಿ ಕನ್ನಡಕ್ಕೆ ಹೊರಳಿ, ಕುಂಬಳೆಗೆ ಹೋಗುವುದಾದರೆ ಸೇತುವೆಗೆ ಸುತ್ತಿ ಬನ್ನಿ ಎಂದು ದಾರಿ ತೋರಿಸಿದರು. ಅವರು 'ಕುಂಬಳ' ಎನ್ನಲಿಲ್ಲ, ನಮಗಾಗಿ 'ಕುಂಬಳೆ' ಎಂದರು.

ಓದುಗರೇ, 2021ರಲ್ಲಿ ನಮ್ಮ ಊರುಗಳ ಹೆಸರನ್ನು ಮಲಯಾಳೀಕರಿಸಲಾಗುತ್ತಿದೆ ಎಂಬ ಸುದ್ದಿ ಹಬ್ಬಿತು. ಬೆಂಗಳೂರಿನಿಂದಲೂ ಪತ್ರ ಹೋಯಿತು, ಅಂತಹ ತೀರ್ಮಾನವೇ ಇಲ್ಲವೆಂದು ಕೇರಳ ಸರಕಾರ ಹೇಳಿತು. ಆಗ ಮನವಿಪತ್ರಕ್ಕೆ ಸಹಿ ಹಾಕಿದವರಲ್ಲಿ ನಾನೂ ಒಬ್ಬ. ನೆಲ್ಲಿಕುಂಜೆಯನ್ನು ನೆಲ್ಲಿಕುನ್ನು ಮಾಡಬೇಡಿರೆಂದು ಸಭೆಯಲ್ಲಿ ಗುಡುಗಿದವನಿಗೆ ಶಿರಿಯ ಹೊಳೆಯ ಗುರುತಿಲ್ಲ! ನಮ್ಮ ಸಂಘಗಳ ಹಿರಿಯರನ್ನು ಕೇಳುತ್ತೇನೆ: ನಿಮ್ಮಲ್ಲಿ ಎಷ್ಟು ಮಂದಿಗೆ ಇದೆ? ನಿಮ್ಮ ಮೊಮ್ಮಕ್ಕಳಿಗೆ?

ಹೆದ್ದಾರಿಯ ಕಾರಿನಿಂದ ನಮಗೆ ಕಾಣುವುದು ಫಲಕ ಮಾತ್ರ. ಅದರಲ್ಲಿ ಕನ್ನಡವಿಲ್ಲದಿದ್ದರೆ ಸಿಟ್ಟು ಬರುತ್ತದೆ, ಬರಬೇಕಾದದ್ದೇ. ಫಲಕ ನಮ್ಮ ಹಕ್ಕು. ಆದರೆ ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ನಮಗೆ ಸರಕಾರದೊಡನೆ ಕನ್ನಡದಲ್ಲೇ ವ್ಯವಹರಿಸುವ ಹಕ್ಕು ಕೊಟ್ಟಿದೆಯಲ್ಲ, ಅದನ್ನು ಬಳಸಿ ಒಂದು ಅರ್ಜಿಯನ್ನಾದರೂ ಬರೆದವರು ಕೈಯೆತ್ತಿ ನೋಡೋಣ. ನಾನೂ ಕೈಯೆತ್ತಲಾರೆ. ನನ್ನ ಮಗಳ ಹುಟ್ಟುಹಬ್ಬದ ಆಮಂತ್ರಣ ಇಂಗ್ಲಿಷಿನಲ್ಲಿತ್ತು.

ನಡೆದರೆ ಹಕ್ಕು ಸಿಗುತ್ತದೆಯೇ ಎಂದು ಮಿತ್ರರೊಬ್ಬರು ನಕ್ಕರು. ಸಿಗುವುದಿಲ್ಲ. ಆದರೆ ಯಾವುದಕ್ಕಾಗಿ ಹಕ್ಕು ಕೇಳುತ್ತಿದ್ದೇವೆಂದು ಮಕ್ಕಳಿಗೆ ಗೊತ್ತಾಗುತ್ತದೆ. ಕೊಯಿಪ್ಪಾಡಿಯ ಕರೆಯಲ್ಲಿ ಒಂದೇ ಬುಟ್ಟಿಯ ಮೀನನ್ನು ಒಬ್ಬಳು ಬೂತಾಯಿ ಎಂದಳು, ಇನ್ನೊಬ್ಬಳು ಮತ್ತಿ ಎಂದಳು; ಕ್ರಯದ ಬಗ್ಗೆ ಜಗಳವಾಯಿತೇ ಹೊರತು ಹೆಸರಿನ ಬಗ್ಗೆ ಆಗಲಿಲ್ಲ. ಮಗಳು ಎರಡನ್ನೂ ಬರೆದುಕೊಂಡಳು. ಈ ಸಂಚಿಕೆಯ ಮಲಯಾಳ ಪುಟಗಳನ್ನು ಓದುವವರಿಗೂ ಹೇಳುತ್ತೇನೆ: ನಮ್ಮ ಬಾಯಲ್ಲಿ ಮಂಜೇಶ್ವರ ಮಂಜೇಶ್ವರವಾಗಿಯೇ ಉಳಿದರೆ ನಿಮ್ಮ ಮಂಜೇಶ್ವರಂಗೆ ಏನು ಕೊರತೆ?

ಮೂರನೆಯ ಸಂಜೆ ಚಂದ್ರಗಿರಿ. 1967ರ ಮಹಾಜನ ವರದಿಯಲ್ಲಿ ಈ ಹೊಳೆಯೇ ಗೆರೆ. ಭಾಷಣಗಳಲ್ಲಿ ನೂರು ಸಲ ಈ ಹೆಸರು ಹೇಳಿದವನು ನಾನು. ಕಾಲ್ನಡಿಗೆಯಲ್ಲಿ ದಾಟಿದ್ದು ಅದೇ ಮೊದಲು. ಸೇತುವೆಯ ನಡುವೆ ನಿಂತು ಮಗ ಕೇಳಿದ, "ಗೆರೆ ಎಲ್ಲಿದೆ?" ಕೆಳಗೆ ನೀರಿತ್ತು. ಆಚೆ ದಡದ ಅಂಗಡಿಯಲ್ಲಿ ಚಹಾ ಕೊಟ್ಟವನು ತುಳುವಿನಲ್ಲಿ ಮಾತಾಡಿದ.

ಬೇಕಲದಲ್ಲಿ ಚೀಟಿ ಕೊಂಡು ಕೋಟೆಯೊಳಗೆ ಹೋದೆವು. ಪ್ರವಾಸಿಗರಿಗೆ ಅದು ಚಿತ್ರ ತೆಗೆಯುವ ಜಾಗ. ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ್ದೆಂದು ಹೇಳಲು ಬಾಯಿ ತೆರೆದೆ. ಮಗಳು ಬುರುಜಿನ ನೆರಳಿನಲ್ಲಿ ಆಗಲೇ ನಿದ್ದೆಹೋಗಿದ್ದಳು, ಕಾಲಲ್ಲಿ ಎರಡು ಬೊಬ್ಬೆ.

ಬರುವ ಡಿಸೆಂಬರಿನಲ್ಲಿ ಬೇಕಲದಿಂದ ಹೊಸದುರ್ಗಕ್ಕೆ. ಅಲ್ಲಿ 'ಪುದಿಯಕೋಟ್ಟ' ಎಂಬ ಜಾಗವಿದೆ. ಹೊಸ ಕೋಟೆ ಎಂದೇ ಅರ್ಥ. ಸಂಘದ ಪದಾಧಿಕಾರಿಗಳಿಗೆ ವಿಶೇಷ ಆಹ್ವಾನ. ಮೈಕು ಬೇಡ, ಅವಲಕ್ಕಿ ನೀವೇ ತನ್ನಿ.