ಊರು ಬರಿದಾದದ್ದು ಹುಡುಗಿಯರಿಂದಲ್ಲ

2023ರ ಫೆಬ್ರುವರಿಯಲ್ಲಿ ಮಂಡ್ಯ ಜಿಲ್ಲೆಯ ಮದುವೆಯಾಗದ ಯುವಕರು ಹೆಣ್ಣು ಸಿಗಲೆಂದು ಬೇಡಿಕೊಳ್ಳಲು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟರು. ಅವರ ನೋವು ನಿಜ. ‘ಬೆಂಗಳೂರಲ್ಲಿ ಕೆಲಸ’ ಅನ್ನಿಸಿಕೊಂಡರಾದರೂ ಹೆಣ್ಣು ಕೊಟ್ಟಾರೆಂದು ಗದ್ದೆ ಬಿಟ್ಟು ಕ್ಯಾಬ್ ಓಡಿಸುವ ಹುಡುಗರಿದ್ದಾರೆ. ಊರಲ್ಲಿ ಉಳಿದವರು ವಯಸ್ಸಾದ ಅಪ್ಪ ಅವ್ವ. ಆದರೆ ಇದಕ್ಕೆಲ್ಲ ಓದಿದ ಹುಡುಗಿಯರ ಪೇಟೆ ಹುಚ್ಚೇ ಕಾರಣ ಎಂದು ಅರಳಿಕಟ್ಟೆಯಿಂದ ರಾಜಕೀಯ ವೇದಿಕೆಯವರೆಗೆ ಹೇಳುತ್ತಿರುವುದನ್ನು ನಾನು ಒಪ್ಪಲಾರೆ.

ಅದೇ ವರ್ಷದ ಕೊನೆಗೆ ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟು ಭ್ರೂಣಲಿಂಗ ಪತ್ತೆ ನಡೆಸುತ್ತಿದ್ದ ಜಾಲ ಪೊಲೀಸರಿಗೆ ಸಿಕ್ಕಿತು. ಬೆಲ್ಲ ಕಾಯಿಸುವ ಜಾಗದಲ್ಲಿ ಹೆಣ್ಣು ಹುಟ್ಟಬೇಕೋ ಬೇಡವೋ ಎಂಬ ತೀರ್ಮಾನ! ಹುಟ್ಟಲು ಬಿಡದ ಹುಡುಗಿ ಇಪ್ಪತ್ತೈದು ವರ್ಷದ ಮೇಲೆ ಯಾರ ಮನೆಗೆ ಸೊಸೆಯಾಗಿ ಬಂದಾಳು?

ಹುಟ್ಟಿದವಳಾದರೂ ತಾಯಿಯ ಬಾಳನ್ನು ನೋಡಿಯೇ ಬೆಳೆದಿರುತ್ತಾಳೆ. ಕೋಳಿ ಕೂಗುವ ಹೊತ್ತಿಗೆ ಎದ್ದು ಕೊಟ್ಟಿಗೆಯ ಸಗಣಿ ಬಾಚಿ, ಹಾಲು ಕರೆದು ಡೇರಿಗೆ ಹಾಕಿ, ಮುದ್ದೆ ತೊಳಸಿಟ್ಟು, ಬಿಸಿಲೇರುವ ಮೊದಲೇ ಕಬ್ಬಿನ ಗದ್ದೆಯಲ್ಲಿ ಕಳೆಗೆ ಕೂರುವವಳು ಆ ತಾಯಿ. ಸಂಜೆ ಹುಲ್ಲಿನ ಹೊರೆಯೂ ಅವಳ ತಲೆಯ ಮೇಲೆಯೇ. ಪಹಣಿಯಲ್ಲಿ ಮಾತ್ರ ಗಂಡನ ಹೆಸರು. ‘ನಾನು ಪಟ್ಟಿದ್ದು ಸಾಕು, ನನ್ನ ಮಗಳಿಗೆ ಬ್ಯಾಡ’ ಎನ್ನುವವರು ಇಂಥ ತಾಯಂದಿರೇ. ಅವರ ಮಾತನ್ನು ಯಾರೂ ಕೇಳಿಸಿಕೊಳ್ಳುತ್ತಿಲ್ಲ.

ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಡುವ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲೇ ಬಂತು. ಆದರೂ ಅಣ್ಣತಮ್ಮಂದಿರ ಪರವಾಗಿ ಹಕ್ಕು ಖುಲಾಸೆ ಪತ್ರಕ್ಕೆ ರುಜು ಹಾಕಿದವಳೇ ಒಳ್ಳೆಯ ಮಗಳು ಎಂಬ ನಂಬಿಕೆ ಹೋಗಿಲ್ಲ. 2015-16ರ ಕೃಷಿ ಗಣತಿಯ ಪ್ರಕಾರ ದೇಶದ ಹಿಡುವಳಿಗಳಲ್ಲಿ ಮಹಿಳೆಯರದ್ದು ನೂರಕ್ಕೆ ಸುಮಾರು 14 ಮಾತ್ರ. ದುಡಿಮೆ ತನ್ನದು, ಭೂಮಿ ತನ್ನದಲ್ಲ ಎಂದು ಗೊತ್ತಿರುವ ಹುಡುಗಿಯನ್ನು ಅಂಥ ಮನೆಗೆ ಬಾ ಎಂದು ಕರೆಯುವುದು ಯಾವ ನ್ಯಾಯ?

2023ರ ವಿಧಾನಸಭಾ ಚುನಾವಣೆಗೆ ಮುನ್ನ ಜೆಡಿಎಸ್ ನಾಯಕ ಎಚ್.ಡಿ. ಕುಮಾರಸ್ವಾಮಿ ಅವರು ರೈತರ ಮಕ್ಕಳನ್ನು ಮದುವೆಯಾಗುವ ಹುಡುಗಿಯರಿಗೆ 2 ಲಕ್ಷ ರೂಪಾಯಿ ಕೊಡುವ ಭರವಸೆ ಕೊಟ್ಟರು. ಹಣ ಕೊಟ್ಟರೆ ಹೆಣ್ಣು ಬರುತ್ತಾಳೆಂಬ ಲೆಕ್ಕ ಅವಳಿಗೂ ಅವಮಾನ, ರೈತನಿಗೂ ಅವಮಾನ. ಸರ್ಕಾರಕ್ಕೆ ಕಾಳಜಿ ಇದ್ದರೆ ಗಂಡ-ಹೆಂಡತಿ ಇಬ್ಬರ ಹೆಸರಲ್ಲೂ ಜಂಟಿ ಖಾತೆಯಾದ ಜಮೀನಿಗೆ ಸಾಲ, ಸಹಾಯಧನಗಳಲ್ಲಿ ಮೊದಲ ಆದ್ಯತೆ ಕೊಡಲಿ. ರೈತನ ಮನೆಯ ಆದಾಯಕ್ಕೂ ಭರವಸೆ ಬೇಕು: ಕಬ್ಬು ಪೂರೈಸಿದ 14 ದಿನದೊಳಗೆ ಹಣ ಪಾವತಿಸಬೇಕೆಂಬ ನಿಯಮ 1966ರ ಕಬ್ಬು ನಿಯಂತ್ರಣ ಆದೇಶದಲ್ಲೇ ಇದೆ. ಅದನ್ನು ಕಾರ್ಖಾನೆಗಳು ತಪ್ಪದೆ ಪಾಲಿಸುವಂತೆ ಮಾಡಲಿ. ಮಗನಿಗೆ ಹೆಣ್ಣು ಹುಡುಕುತ್ತಿರುವ ಅಪ್ಪಂದಿರು ಸರ್ಕಾರಕ್ಕೆ ಕಾಯಬೇಕಾಗಿಲ್ಲ: ಮಗಳ ಪಾಲನ್ನು ಮಗಳಿಗೆ ಬರೆದುಕೊಡಲಿ, ಬರುವ ಸೊಸೆಯ ಹೆಸರನ್ನು ಪಹಣಿಗೆ ಸೇರಿಸುತ್ತೇವೆಂದು ಮಾತುಕತೆಯ ದಿನವೇ ಹೇಳಲಿ.