ಕ್ಯಾಂಡಿಯ ಚಹಾ ಪರಂಪರೆ ಮತ್ತು ಸುಳ್ಯದ ಹುಡುಗನ ಜಾತಿ ಪ್ರಮಾಣಪತ್ರ



ಮೊನ್ನೆ ಸುದ್ದಗುಂಟೆಪಾಳ್ಯದ ಟೀ ಅಂಗಡಿ ಮುಂದೆ ನಿಂತಿದ್ದಾಗ ಪರಿಚಯದ ಹುಡುಗನೊಬ್ಬ ಫೋನಿನಲ್ಲಿ ಶ್ರೀಲಂಕಾ ಟೂರ್ ಜಾಹೀರಾತು ತೋರಿಸಿದ. ಮಹಾವೇಲಿ ನದಿ ಬಳಸಿಕೊಂಡು ಹರಿಯುವ ಕ್ಯಾಂಡಿ ನಗರ, ಬುದ್ಧನ ದಂತ ಮಂದಿರ, ಬೆಟ್ಟದ ತುಂಬಾ ಟೀ ತೋಟ, ಹಂತಾನದ ಹಳೇ ಫ್ಯಾಕ್ಟರಿಯಲ್ಲಿ ಟೀ ಮ್ಯೂಸಿಯಂ. "ಅಣ್ಣಾ, ನಮ್ಮ ಪಾಟಿ ಹುಟ್ಟಿದ್ದು ಅಲ್ಲೇ ಒಂದು ಎಸ್ಟೇಟಲ್ಲಿ" ಅಂದ. ಹುಡುಗ ಸುಳ್ಯ-ಪುತ್ತೂರು ಕಡೆಯವನು. ಇಲ್ಲಿ ಪಿಜಿಯಲ್ಲಿದ್ದು ಡೆಲಿವರಿ ಕೆಲಸ ಮಾಡ್ತಾನೆ. ಓದು ನಿಂತಿದ್ದು ಯಾಕೆ ಅಂದ್ರೆ, "ಜಾತಿ ಸರ್ಟಿಫಿಕೇಟ್ ಸಿಗಲಿಲ್ಲ ಅಣ್ಣಾ, ಫೀಸು ಕಟ್ಟೋಕೆ ಆಗ್ಲಿಲ್ಲ."

ಕ್ಯಾಂಡಿಯ ಟೀಗೂ ಇವನ ಸರ್ಟಿಫಿಕೇಟಿಗೂ ಏನು ಸಂಬಂಧ ಅಂತೀರಾ? ಇದೆ.

1867ರಲ್ಲಿ ಕ್ಯಾಂಡಿ ಬಳಿಯ ಲೂಲೆಕಂದೇರ ತೋಟದಲ್ಲಿ ಜೇಮ್ಸ್ ಟೇಲರ್ ಎಂಬ ಸ್ಕಾಟ್ಲೆಂಡಿನವನು 19 ಎಕರೆಯಲ್ಲಿ ಟೀ ನೆಟ್ಟ. ಅವನ ಹೆಸರು ಪುಸ್ತಕಗಳಲ್ಲಿದೆ, ಮ್ಯೂಸಿಯಂನಲ್ಲಿದೆ. ಕಾಡು ಕಡಿದವರು, ಬೆನ್ನಿಗೆ ಬುಟ್ಟಿ ಕಟ್ಟಿ ಎಲೆ ಕಿತ್ತ ಹೆಣ್ಣುಮಕ್ಕಳು, ಲೈನ್ ಮನೆಗಳಲ್ಲಿ ಬದುಕಿದವರು ತಮಿಳುನಾಡಿನಿಂದ ಹೋದ ಕೂಲಿಗಳು. ಹೆಚ್ಚಿನವರು ಪಳ್ಳರ್, ಪರೈಯರ್, ಚಕ್ಕಿಲಿಯರ್. ನಮ್ಮವರೇ. ಕರೆದೊಯ್ದ ಕಂಗಾಣಿ ಸಾಲದಲ್ಲಿ ಕಟ್ಟಿಹಾಕುತ್ತಿದ್ದ. ತೋಟ ಬದಲಿಸಬೇಕಾದರೆ 'ತುಂಡು' ಎಂಬ ಚೀಟಿ ಬೇಕಿತ್ತು. ಸಾಲ ತೀರಿಸಿದವರ ಜೊತೆ ಹೋಗಬಹುದು ಅನ್ನೋ ಚೀಟಿ ಅದು. ಅದು ರದ್ದಾಗಿದ್ದು 1921ರಲ್ಲಿ.

ಆಮೇಲೆ ಬೇರೆ ಕಾಗದ ಬಂತು. 1948ರ ಸಿಲೋನ್ ಪೌರತ್ವ ಕಾಯ್ದೆಯಿಂದ ತೋಟದ ತಮಿಳರಲ್ಲಿ ಬಹುತೇಕರು ಯಾವ ದೇಶಕ್ಕೂ ಸೇರದವರಾದರು. 1964ರ ಅಕ್ಟೋಬರಿನಲ್ಲಿ ಸಿರಿಮಾವೊ-ಶಾಸ್ತ್ರಿ ಒಪ್ಪಂದ ಆಯ್ತು. 5,25,000 ಜನರನ್ನು ಭಾರತ ವಾಪಸ್ ಪಡೆಯಲು ಒಪ್ಪಿತು. ಅವರನ್ನು ಕೇಳಿದವರು ಯಾರು? ಹಾಗೆ ಬಂದ ಕುಟುಂಬಗಳಲ್ಲಿ ಒಂದಷ್ಟನ್ನು ಸುಳ್ಯ, ಪುತ್ತೂರಿನಲ್ಲಿ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಿಗೆ ಹಾಕಿದರು. ಟೀ ಎಲೆ ಬಿಟ್ಟು ರಬ್ಬರ್ ಹಾಲು.

ಈಗ ಇನ್ನೊಂದು ಮಾತು. 1950ರ ಮೇನಲ್ಲಿ ಬಾಬಾಸಾಹೇಬರು ಬೌದ್ಧ ಸಮ್ಮೇಳನಕ್ಕೆ ಇದೇ ಕ್ಯಾಂಡಿಗೆ ಹೋಗಿದ್ದರು. ಅದೇ ವರ್ಷ ಆಗಸ್ಟ್ 10ಕ್ಕೆ ಪರಿಶಿಷ್ಟ ಜಾತಿಗಳ ಆದೇಶ ಹೊರಬಿತ್ತು. ಜಾತಿ ಪ್ರಮಾಣಪತ್ರ ಕೇಳಿದಾಗ ಇವತ್ತಿಗೂ ನೋಡೋದು ಆ ದಿನಾಂಕವನ್ನೇ: ಅವತ್ತು ನಿಮ್ಮ ಹಿರಿಯರು ಎಲ್ಲಿದ್ದರು? ಈ ಹುಡುಗನ ಹಿರಿಯರು ಅವತ್ತು ಕ್ಯಾಂಡಿ ಕಡೆಯ ಲೈನ್ ಮನೆಯಲ್ಲಿ ಟೀ ಕೀಳುತ್ತಿದ್ದರು!

ಒಂದು ರಾಜ್ಯದ ಪರಿಶಿಷ್ಟರು ವಲಸೆ ಹೋದ ರಾಜ್ಯದಲ್ಲಿ ಅದೇ ಸೌಲಭ್ಯ ಕೇಳುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 1990ರ ಮರ್ರಿ ಚಂದ್ರಶೇಖರ ರಾವ್ ಪ್ರಕರಣದಲ್ಲಿ ಹೇಳಿದೆ, ನಿಜ. ನಮ್ಮ ರಾಜ್ಯದ ಪರಿಶಿಷ್ಟರ ಪಾಲಿಗೆ ಹೊರಗಿನವರು ಕೈಹಾಕಬಾರದು ಅನ್ನೋ ಕಾಳಜಿಯೂ ನ್ಯಾಯವೇ. ಆದ್ರೆ ಇವರು ತಾವಾಗಿ ವಲಸೆ ಬಂದವರಲ್ಲ. ಎರಡು ಸರ್ಕಾರ ಸಹಿ ಹಾಕಿ, ಹಡಗು ಹತ್ತಿಸಿ, ಈ ರಾಜ್ಯದ ತೋಟಕ್ಕೆ ತಂದು ಬಿಟ್ಟವರು. ಆದಿ ದ್ರಾವಿಡ, ಪಳ್ಳನ್, ಪರೈಯನ್ ಎಲ್ಲವೂ ಕರ್ನಾಟಕದ ಪಟ್ಟಿಯಲ್ಲೇ ಇವೆ. ಜಾತಿ ಸಮುದ್ರ ದಾಟಿ ಹೋಯ್ತು, ದಾಟಿ ವಾಪಸ್ಸೂ ಬಂತು. ಹಕ್ಕು ಮಾತ್ರ ಯಾಕೆ ಸಮುದ್ರದಲ್ಲಿ ಮುಳುಗಬೇಕು?

ನಮ್ಮ ಒತ್ತಾಯ ಇಷ್ಟೇ. ಒಪ್ಪಂದದಡಿ ಬಂದವರ ಪುನರ್ವಸತಿ ದಾಖಲೆಗಳನ್ನೇ ಮೂಲ ದಾಖಲೆ ಅಂತ ಒಪ್ಪಬೇಕು, ಸ್ಥಳ ವಿಚಾರಣೆ ಮಾಡಿ ಮಕ್ಕಳು, ಮೊಮ್ಮಕ್ಕಳಿಗೆ ಪ್ರಮಾಣಪತ್ರ ಕೊಡಬೇಕು. ಇದಕ್ಕೆ ಸರ್ಕಾರ ಸ್ಪಷ್ಟ ಆದೇಶ ಹೊರಡಿಸಬೇಕು. ಪ್ರತಿ ಕುಟುಂಬವೂ ಬೇರೆ ಬೇರೆಯಾಗಿ ಕಚೇರಿ ಅಲೆಯೋದು ತಪ್ಪಬೇಕು. ಮೀಸಲಾತಿ ಬಗ್ಗೆ ಭಾಷಣ ಮಾಡುವ ನಮ್ಮ ಸಂಘಟನೆಗಳೂ ಭಾಷೆ ನೋಡದೆ ಇವರ ಜೊತೆ ನಿಲ್ಲಬೇಕು. ಇಷ್ಟು ವರ್ಷ ನಾವೂ ಸುಮ್ಮನಿದ್ದದ್ದು ತಪ್ಪು.

ಕ್ಯಾಂಡಿಗೆ ಹೋಗೋರು ಹೋಗಿ, ಟೀ ಕುಡಿದು ಬನ್ನಿ. ಆ ತೋಟ ಕಟ್ಟಿದವರ ಮೊಮ್ಮಗ ಮಾತ್ರ ರಾತ್ರಿ ಹನ್ನೊಂದಕ್ಕೆ ನಿಮ್ಮ ಬಾಗಿಲಿಗೆ ಊಟ ತಂದುಕೊಡ್ತಾ ಇರ್ತಾನೆ. ಅವನಿಗೂ ಒಂದು ಪರಂಪರೆ ಇದೆ. ಅದಕ್ಕೆ ಒಂದು ಸರ್ಕಾರಿ ಮೊಹರು ಬೇಕು, ಅಷ್ಟೇ.

ಜೈಭೀಮ್.